ಲೈಸೆನ್ಸ್ ರದ್ದಿನ ನೋಟಿಸ್ ಬಂತೇ? ಗುತ್ತಿಗೆದಾರರಿಗೆ ಹನ್ನೆರಡು ಸೂತ್ರಗಳು

ಟೆಂಡರ್ ಗೆಲ್ಲುವುದು ಹೇಗೆ ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಗೆದ್ದ ಮೇಲೆ ಕಾಮಗಾರಿ ಅರ್ಧಕ್ಕೆ ನಿಂತು, ಇಲಾಖೆಯೊಂದಿಗೆ ಜಟಾಪಟಿಯಾಗಿ, ‘ತಮ್ಮ ನೋಂದಣಿಯನ್ನು ಏಕೆ ರದ್ದುಪಡಿಸಬಾರದು’ ಎಂಬ ಕಾಗದ ಕೈಗೆ ಬಂದ ದಿನ ಪಕ್ಕದಲ್ಲಿ ಕೂತು ಬುದ್ಧಿ ಹೇಳುವವರು ಕಡಿಮೆ. ಹೇಳುವ ಕೆಲವರೂ ‘ಬಿಡಿ, ಕೋರ್ಟಿನಲ್ಲಿ ನೋಡಿಕೊಳ್ಳೋಣ’ ಅನ್ನುತ್ತಾರೆ. ಅಲ್ಲೇ ಎಡವಟ್ಟಾಗುವುದು. ಹೈಕೋರ್ಟ್ ನಿಮ್ಮ ರಸ್ತೆಯ ಡಾಂಬರಿನ ದಪ್ಪ ಅಳೆಯಲು ಕೂರುವುದಿಲ್ಲ. ಅಧಿಕಾರಿ ಆ ತೀರ್ಮಾನಕ್ಕೆ ಬಂದ ದಾರಿ ನ್ಯಾಯವಾಗಿತ್ತೇ ಎಂದು ನೋಡುತ್ತದೆ. ಆ ದಾರಿಯಲ್ಲಿ ನಿಮ್ಮ ಹೆಜ್ಜೆಗುರುತು ಎಷ್ಟಿದೆ ಎಂಬುದು ನೋಟಿಸಿಗೆ ನೀವು ಕೊಟ್ಟ ಮೊದಲ ಉತ್ತರದಲ್ಲೇ ಗೊತ್ತಾಗಿಬಿಡುತ್ತದೆ.

1. ಫೋನ್ ಕೆಳಗಿಡಿ, ದಿನಾಂಕ ಬರೆಯಿರಿ

ನೋಟಿಸ್ ಕಂಡ ಕೂಡಲೇ ಶಾಸಕರ ಆಪ್ತ ಸಹಾಯಕರಿಗೆ ಫೋನ್ ಮಾಡುವುದು ನಮ್ಮ ಕಡೆಯ ಹಳೆಯ ಚಾಳಿ. ‘ಸಾಹೇಬರ ಹತ್ತಿರ ಮಾತಾಡಿದ್ದೇವೆ, ಏನೂ ಆಗಲ್ಲ’ ಎಂಬ ಭರವಸೆ ಸಿಗುತ್ತದೆ, ಏಳು ದಿನ ಕಳೆಯುತ್ತದೆ, ‘ನಿಗದಿತ ಅವಧಿಯಲ್ಲಿ ಸಮಜಾಯಿಷಿ ನೀಡಿರುವುದಿಲ್ಲ’ ಎಂಬ ಸಾಲಿನೊಂದಿಗೆ ರದ್ದಿನ ಆದೇಶ ಬರುತ್ತದೆ. ಸಾಹೇಬರ ಜೊತೆ ಆಡಿದ ಮಾತು ಕಡತದಲ್ಲಿ ಎಲ್ಲೂ ಇರುವುದಿಲ್ಲ.

ಲಕೋಟೆಯ ಮೇಲಿನ ಅಂಚೆ ಮುದ್ರೆ ಇಟ್ಟುಕೊಳ್ಳಿ, ಕೈಗೆ ತಲುಪಿದ ದಿನ ಬರೆದಿಡಿ. ಕೊಟ್ಟ ಅವಧಿ ಸಾಲದಿದ್ದರೆ ಅದು ಮುಗಿಯುವ ಮೊದಲೇ, ಕಾರಣ ಹೇಳಿ, ಇಷ್ಟು ದಿನ ಬೇಕೆಂದು ಪತ್ರ ಕೊಡಿ. ಟಪಾಲು ವಿಭಾಗದ ಸೀಲು ಬಿದ್ದ ಪ್ರತಿ ನಿಮ್ಮ ಹತ್ತಿರ ಇರಲಿ. ಸೀಲು ಹಾಕಲು ಗುಮಾಸ್ತರು ಹಿಂದೇಟು ಹಾಕಿದರೆ ಜಗಳಕ್ಕೆ ನಿಲ್ಲಬೇಡಿ. ಸ್ಪೀಡ್ ಪೋಸ್ಟ್ ಮಾಡಿ, ಇಮೇಲನ್ನೂ ಕಳಿಸಿ.

2. ಏಟು ಯಾವುದರ ಮೇಲೆ ಎಂದು ಗುರುತಿಸಿ

ಮೂರು ಬೇರೆ ಬೇರೆ ಸಂಗತಿಗಳನ್ನು ನಮ್ಮವರು ಒಂದೇ ಮಾತಿನಲ್ಲಿ ‘ಬ್ಲ್ಯಾಕ್‌ಲಿಸ್ಟ್ ಮಾಡಿದರು’ ಅನ್ನುತ್ತಾರೆ. ಒಂದು ಕಾಮಗಾರಿಯ ಕರಾರನ್ನು ಮುರಿಯುವುದು ಒಂದು. ಗುತ್ತಿಗೆದಾರನಾಗಿ ನಿಮಗಿರುವ ನೋಂದಣಿ ಅಥವಾ ಲೈಸೆನ್ಸನ್ನೇ ರದ್ದು ಮಾಡುವುದು ಇನ್ನೊಂದು. ಮುಂದಿನ ಟೆಂಡರುಗಳಿಗೆ ಸೇರಿಸಬಾರದೆಂದು ಕಪ್ಪುಪಟ್ಟಿಗೆ ಹಾಕುವುದು ಮೂರನೆಯದು.

ಮೊದಲನೆಯದು ಬಹುಮಟ್ಟಿಗೆ ಕರಾರಿನ ವ್ಯಾಜ್ಯ. ನಷ್ಟ ಪರಿಹಾರ, ಠೇವಣಿ ಮುಟ್ಟುಗೋಲು, ಪಂಚಾಯ್ತಿ ಕಲಮುಗಳ ಲೆಕ್ಕ. ಉಳಿದೆರಡು ಹೊಟ್ಟೆಪಾಡಿನ ಪ್ರಶ್ನೆ. ಕಪ್ಪುಪಟ್ಟಿಯನ್ನು ಸುಪ್ರೀಂ ಕೋರ್ಟ್ ನಾಗರಿಕ ಮರಣಕ್ಕೆ ಹೋಲಿಸಿದ್ದು ಸುಮ್ಮನೆ ಅಲ್ಲ: ಒಂದು ಇಲಾಖೆ ಹಾಕಿದ ಕಪ್ಪು ಮಸಿಯನ್ನು ಬೇರೆ ಇಲಾಖೆಗಳೂ, ಬೇರೆ ರಾಜ್ಯಗಳೂ ತಮ್ಮ ಟೆಂಡರಿನಲ್ಲಿ ಎತ್ತಿ ತೋರಿಸುತ್ತವೆ. 1974ರಲ್ಲೇ, ಪಶ್ಚಿಮ ಬಂಗಾಳ ಸರ್ಕಾರದ ವಿರುದ್ಧದ ಎರೂಸಿಯನ್ ಇಕ್ವಿಪ್‌ಮೆಂಟ್ ಪ್ರಕರಣದಲ್ಲಿ, ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ ಅವರಿದ್ದ ಪೀಠ ಇದನ್ನು ಸ್ಪಷ್ಟಪಡಿಸಿತು. ಸರ್ಕಾರದೊಂದಿಗೆ ವ್ಯವಹರಿಸುವ ಅವಕಾಶವನ್ನು ಕಿತ್ತುಕೊಳ್ಳುವ ಮುನ್ನ ಆ ವ್ಯಕ್ತಿಯ ಮಾತು ಕೇಳಲೇಬೇಕು. ನಿಯಮದಲ್ಲಿ ಹಾಗೆಂದು ಬರೆದಿಲ್ಲ ಎಂಬ ಸಬೂಬು ನಡೆಯುವುದಿಲ್ಲ.

ಮತ್ತೂ ಒಂದು. ಬಾಕಿ ಹಣದ ಬಗ್ಗೆಯೋ ಜಾಗ ಹಸ್ತಾಂತರದ ಬಗ್ಗೆಯೋ ಎರಡೂ ಕಡೆ ನಿಜವಾದ ತಕರಾರಿದ್ದರೆ ಕಪ್ಪುಪಟ್ಟಿ ಅದಕ್ಕೆ ಮದ್ದಲ್ಲ. ಕೋಲ್ಕತ್ತ ಮಹಾನಗರ ಪಾಲಿಕೆ ಬ್ಲೂ ಡ್ರೀಮ್ಜ್ ಎಂಬ ಜಾಹೀರಾತು ಸಂಸ್ಥೆಯನ್ನು ಐದು ವರ್ಷ ಹೊರಗಿಟ್ಟಿದ್ದನ್ನು 2024ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು ಇದೇ ಕಾರಣಕ್ಕೆ. ನಿಮ್ಮದು ಇಂಥ ತಕರಾರಾದರೆ ಉತ್ತರದ ಮೊದಲ ಪುಟದಲ್ಲೇ ಹೇಳಿ.

3. ನೋಟಿಸಿನ ಕೊನೆಯ ಸಾಲನ್ನು ಎರಡು ಸಲ ಓದಿ

ನಮ್ಮ ಕಚೇರಿಗಳ ನೋಟಿಸುಗಳಿಗೆ ಒಂದು ಸಿದ್ಧ ಮುಕ್ತಾಯವಿದೆ: ‘ತಪ್ಪಿದಲ್ಲಿ ತಮ್ಮ ವಿರುದ್ಧ ನಿಯಮಾನುಸಾರ ಕ್ರಮ ಜರುಗಿಸಲಾಗುವುದು.’ ಓದಿದವರಿಗೆ ದಂಡ ಇರಬಹುದು ಅನಿಸುತ್ತದೆ. ಬರೆದವರ ಮನಸ್ಸಿನಲ್ಲಿ ಐದು ವರ್ಷದ ಕಪ್ಪುಪಟ್ಟಿ ಇರುತ್ತದೆ.

ಈ ಮಬ್ಬು ಸಾಲು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಎರ್ನಾಕುಲಂನ ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರ ಜೋಸೆಫ್ ವಿಲಂಗಂದನ್ ಅವರ ಪ್ರಕರಣ 1978ರದ್ದು. ಕೆಲಸವನ್ನು ನಿಮ್ಮ ನಷ್ಟದಲ್ಲಿ ಬೇರೆಯವರಿಂದ ಮಾಡಿಸುತ್ತೇವೆ ಎಂಬ ಧಾಟಿಯ ನೋಟಿಸ್ ಅವರಿಗೆ ಹೋಗಿತ್ತು. ಆಮೇಲೆ ಅವರನ್ನು ಮುಂದಿನ ಕೆಲಸಗಳಿಂದಲೂ ಹೊರಗಿಡಲಾಯಿತು. ಆ ನೋಟಿಸನ್ನು ಓದಿದವರು ಅದು ಆ ಒಂದು ಕರಾರಿಗಷ್ಟೇ ಸಂಬಂಧಿಸಿದ್ದೆಂದು ತಿಳಿಯುವುದು ಸಹಜ, ಹಾಗಾಗಿ ದೊಡ್ಡ ಶಿಕ್ಷೆಯ ವಿರುದ್ಧ ಮಾತಾಡುವ ಅವಕಾಶವೇ ಸಿಕ್ಕಿಲ್ಲ ಎಂದಿತು ಸುಪ್ರೀಂ ಕೋರ್ಟ್.

2014ರ ಗೂರ್ಖಾ ಸೆಕ್ಯುರಿಟಿ ಸರ್ವಿಸಸ್ ತೀರ್ಪು ಇದನ್ನೇ ಎರಡು ಕಡ್ಡಾಯ ಅಂಶಗಳಾಗಿ ಬರೆದಿಟ್ಟಿತು. ಯಾವ ಲೋಪಗಳಿಗಾಗಿ ಕ್ರಮ ಎಂಬುದು ನೋಟಿಸಿನಲ್ಲಿರಬೇಕು. ಯಾವ ಕ್ರಮ ಎಂಬುದೂ ಇರಬೇಕು. ಹೆಸರಿಸದಿದ್ದರೆ, ಕಪ್ಪುಪಟ್ಟಿಯೇ ಉದ್ದೇಶವೆಂದು ನೋಟಿಸ್ ಓದಿದಾಗ ಸ್ಪಷ್ಟವಾಗಿ ಗೊತ್ತಾಗುವಂತಾದರೂ ಇರಬೇಕು. ಆರು ವರ್ಷದ ನಂತರ, 2020ರ ನವೆಂಬರಿನಲ್ಲಿ, ಭಾರತೀಯ ಆಹಾರ ನಿಗಮ ಇದೇ ಗುಂಡಿಗೆ ಬಿತ್ತು. ನೇಮಕಾತಿ ಪರೀಕ್ಷೆ ನಡೆಸುವ ಗುತ್ತಿಗೆ ಪಡೆದಿದ್ದ ಯುಎಂಸಿ ಟೆಕ್ನಾಲಜೀಸ್ ಮೇಲೆ ಪ್ರಶ್ನೆಪತ್ರಿಕೆ ಸೋರಿಕೆಯ ಗಂಭೀರ ಆರೋಪವಿತ್ತು. ನಿಗಮ ಐದು ವರ್ಷ ಕಪ್ಪುಪಟ್ಟಿಗೆ ಹಾಕಿತು. ನೋಟಿಸಿನಲ್ಲಿ ಕಪ್ಪುಪಟ್ಟಿಯ ಸುಳಿವೇ ಇರಲಿಲ್ಲ. ಆರೋಪ ಎಷ್ಟೇ ದೊಡ್ಡದಿರಲಿ, ಕಪ್ಪುಪಟ್ಟಿಯ ಆದೇಶ ಬಿದ್ದುಹೋಯಿತು.

ಹಾಗಂತ ಮಬ್ಬು ನೋಟಿಸ್ ಬಂದಾಗ ಒಳಗೊಳಗೇ ನಕ್ಕು ಸುಮ್ಮನಿರಬೇಡಿ. ‘ಯಾವ ನಿಯಮದಡಿ, ಯಾವ ಕ್ರಮ ಉದ್ದೇಶಿಸಿದ್ದೀರಿ, ತಿಳಿಸಿ’ ಎಂದು ಬರೆದು ಕೇಳಿ. ಉತ್ತರ ಬಂದರೆ ನಿಮಗೆ ಸ್ಪಷ್ಟತೆ, ಬರದಿದ್ದರೆ ದಾಖಲೆ.

4. ‘ಸಾಬೀತಾಗಿರುತ್ತದೆ’ ಎಂಬ ಮಾತಿಗೆ ಗೆರೆ ಎಳೆಯಿರಿ

ಕಾರಣ ಕೇಳುವ ನೋಟಿಸ್ ಪ್ರಶ್ನೆಯಾಗಿರಬೇಕು. ಕೆಲವು ನೋಟಿಸುಗಳು ತೀರ್ಪನ್ನು ಬರೆದು ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಅಂಟಿಸಿಕೊಂಡು ಬರುತ್ತವೆ. ಓರಿಕ್ಸ್ ಫಿಶರೀಸ್ ಎಂಬ ಮೀನು ರಫ್ತುದಾರ ಸಂಸ್ಥೆಯ ನೋಂದಣಿ ರದ್ದಾದ ಪ್ರಕರಣದಲ್ಲಿ, ನೋಟಿಸ್ ಹಂತದಲ್ಲೇ ತಪ್ಪು ಸಾಬೀತಾಗಿದೆ ಎಂಬರ್ಥದ ಮಾತುಗಳಿದ್ದವು. ಮುಚ್ಚಿದ ಮನಸ್ಸಿನ ಮುಂದೆ ಉತ್ತರ ಕೊಡಿಸುವುದು ಬರೀ ಶಾಸ್ತ್ರ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. ಅಂಥ ಪದಗಳಿದ್ದರೆ ಉತ್ತರದಲ್ಲಿ ಉಲ್ಲೇಖಿಸಿ ಆಕ್ಷೇಪ ದಾಖಲಿಸಿ.

5. ದಾಖಲೆ ಕೇಳದೆ ಉತ್ತರಕ್ಕೆ ಕೂರಬೇಡಿ

‘ಗುಣಮಟ್ಟ ನಿಯಂತ್ರಣ ವಿಭಾಗದ ವರದಿಯನ್ವಯ’ ಎಂದು ನೋಟಿಸ್ ಹೇಳುತ್ತದೆ, ವರದಿ ಲಗತ್ತಿಸಿರುವುದಿಲ್ಲ. ಕೋರ್ ಟೆಸ್ಟ್ ಎಲ್ಲಿ ತೆಗೆದರು, ನಿಮ್ಮ ಇಂಜಿನಿಯರ್ ಅಲ್ಲಿದ್ದರೇ, ಮಹಜರಿಗೆ ಯಾರ ಸಹಿ ಇದೆ? ಇಷ್ಟು ಗೊತ್ತಿಲ್ಲದೆ ಬರೆದ ಉತ್ತರ ಕತ್ತಲಲ್ಲಿ ಬೀಸಿದ ಕೋಲು. ನೋಟಿಸಿನಲ್ಲಿ ಹೆಸರಿಸಿದ ಪ್ರತಿ ವರದಿ, ಫೋಟೊ, ದೂರರ್ಜಿಯ ಪ್ರತಿಯನ್ನು ಪಟ್ಟಿ ಮಾಡಿ ಕೇಳಿ. ತಳಮಟ್ಟದ ಕಚೇರಿ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಆದರೆ ಅದಕ್ಕೆ 30 ದಿನದ ಗಡುವಿರುವುದರಿಂದ ಅದೊಂದನ್ನೇ ನೆಚ್ಚಿ ನೋಟಿಸಿನ ಅವಧಿ ಕಳೆಯಬೇಡಿ. ಸಿಕ್ಕಷ್ಟಕ್ಕೆ ಉತ್ತರ ಕೊಟ್ಟು, ‘ದಾಖಲೆ ಸಿಕ್ಕ ನಂತರ ಹೆಚ್ಚುವರಿ ಸಮಜಾಯಿಷಿ ಸಲ್ಲಿಸುವ ಹಕ್ಕು ಕಾಯ್ದಿರಿಸಿದೆ’ ಎಂದು ಸೇರಿಸಿ.

6. ಉತ್ತರವನ್ನು ನೀವೇ ಕೂತು ಬರೆಸಿ

ಒಳ್ಳೆಯ ವಕೀಲರನ್ನು ಇಟ್ಟುಕೊಳ್ಳಿ, ಸಂತೋಷ. ಆದರೆ ಸೈಟಿನಲ್ಲಿ ಏನಾಯಿತು ಎಂದು ಅವರಿಗೆ ಗೊತ್ತಿಲ್ಲ, ನಿಮಗೆ ಗೊತ್ತು. ‘ಆರೋಪಗಳೆಲ್ಲ ಸುಳ್ಳು, ಆಧಾರರಹಿತ’ ಎಂಬ ಒಂದು ಪುಟದ ಉತ್ತರ ಕೊಟ್ಟು ಆಮೇಲೆ ರಿಟ್ ಅರ್ಜಿಯಲ್ಲಿ ಎಂಬತ್ತು ಪುಟ ಕಥೆ ಹೇಳುವವರನ್ನು ಕಂಡಿದ್ದೇನೆ. ನ್ಯಾಯಮೂರ್ತಿಗಳ ಮೊದಲ ಪ್ರಶ್ನೆ: ‘ಇದನ್ನೆಲ್ಲ ಅಧಿಕಾರಿಗೆ ಏಕೆ ಹೇಳಲಿಲ್ಲ?’

ನೋಟಿಸಿನ ಒಂದೊಂದು ಆರೋಪವನ್ನೂ ಎತ್ತಿಕೊಂಡು ಅದರ ಕೆಳಗೆ ನಿಮ್ಮ ಮಾತು, ಅದರ ಕೆಳಗೆ ಆಧಾರ. ‘ವಿಳಂಬ’ ಎಂದಿದ್ದರೆ ವರ್ಕ್ ಆರ್ಡರ್ ಬಂದ ದಿನ, ಜಾಗ ಬಿಟ್ಟುಕೊಟ್ಟ ದಿನ, ವಿದ್ಯುತ್ ಕಂಬ ಸ್ಥಳಾಂತರಿಸಲು ನೀವು ಬರೆದ ಪತ್ರ, ಮಳೆಗಾಲದ ತಿಂಗಳುಗಳು, ಅವಧಿ ವಿಸ್ತರಣೆ ಕೇಳಿದ ಅರ್ಜಿ, ಇವನ್ನು ತಾರೀಖಿನ ಸಾಲಿನಲ್ಲಿ ಜೋಡಿಸಿ. ‘ಕಳಪೆ’ ಎಂದಿದ್ದರೆ ಕ್ಯೂಬ್ ಟೆಸ್ಟ್ ಫಲಿತಾಂಶ ಮತ್ತು ಅಳತೆ ಪುಸ್ತಕದ ಪುಟಗಳು. ಆ ಕೆಲಸವನ್ನೇ ಅಳೆದು, ಸರಿಯಿದೆಯೆಂದು ಸಹಿ ಹಾಕಿ, ರನ್ನಿಂಗ್ ಬಿಲ್ ಪಾಸು ಮಾಡಿದ ಇಲಾಖೆ ಈಗ ಅದೇ ಕೆಲಸ ಕಳಪೆ ಎನ್ನುತ್ತಿದ್ದರೆ ಅದನ್ನು ಸೌಜನ್ಯದಿಂದಲೇ ಎತ್ತಿ ತೋರಿಸಿ.

ಬಯ್ಯಬೇಡಿ. ಇಂಥ ಎಇಇ ಇಷ್ಟು ಪರ್ಸೆಂಟ್ ಕೇಳಿದರು ಎಂದು ಆಧಾರವಿಲ್ಲದೆ ಬರೆದರೆ ಅಸಲು ವಿಷಯ ಮೂಲೆ ಸೇರಿ ಅದೇ ಹೊಸ ರಂಪವಾಗುತ್ತದೆ. ಆಧಾರ ಇದ್ದರೆ ಲೋಕಾಯುಕ್ತಕ್ಕೆ ಬೇರೆಯೇ ದೂರು ಕೊಡಿ.

ತಪ್ಪಾಗಿದ್ದರೆ? ಆಗಿದ್ದಷ್ಟನ್ನು ಒಪ್ಪಿಕೊಂಡು, ಸರಿಪಡಿಸಿಕೊಟ್ಟ ದಾಖಲೆ ಇಟ್ಟು, ಶಿಕ್ಷೆ ಏಕೆ ಬೇಡ ಅಥವಾ ಏಕೆ ಕಡಿಮೆ ಇರಬೇಕು ಎಂದು ವಾದಿಸಿ. ಎಲ್ಲವನ್ನೂ ಅಲ್ಲಗಳೆಯುವ ಉತ್ತರವನ್ನು ಯಾರೂ ನಂಬುವುದಿಲ್ಲ.

7. ಮುಖತಃ ವಿಚಾರಣೆ ಬೇಕೆಂದರೆ ಬಾಯಿಬಿಟ್ಟು ಕೇಳಿ

ಕರೆದು ಕೂರಿಸಿ ಕೇಳಲೇಬೇಕೆಂಬ ನಿಯಮ ಎಲ್ಲ ಕಡೆ ಇಲ್ಲ. ಉತ್ತರ ಪ್ರದೇಶದ ಗ್ರೋಸನ್ಸ್ ಫಾರ್ಮಸ್ಯುಟಿಕಲ್ಸ್ ಪ್ರಕರಣದಲ್ಲಿ, 2001ರಲ್ಲಿ, ನೋಟಿಸ್ ಕೊಟ್ಟು ಉತ್ತರವನ್ನು ಪರಿಶೀಲಿಸಿದ್ದರೆ ಸಾಕು ಎಂದಿತು ಸುಪ್ರೀಂ ಕೋರ್ಟ್. ಆದ್ದರಿಂದ ಉತ್ತರದ ಕೊನೆಯಲ್ಲಿ ‘ಖುದ್ದು ಹಾಜರಾಗಿ ಹೇಳಿಕೊಳ್ಳಲು, ಸ್ಥಳದಲ್ಲಿ ಜಂಟಿ ಪರಿಶೀಲನೆಗೆ ಅವಕಾಶ ಕೊಡಿ’ ಎಂದು ಕೋರಿ. ಕೇಳದೇ ಹೋದವರಿಗೆ ಆಮೇಲೆ ದೂರಲು ಜಾಗ ಕಮ್ಮಿ.

ಕರೆದರೆ, ಎದುರಿಗೆ ಯಾರು ಕೂತಿದ್ದಾರೆ ನೋಡಿ. ಆಂಧ್ರದ ಬಸ್ ಮಾರ್ಗಗಳ ರಾಷ್ಟ್ರೀಕರಣದ ಗುಲ್ಲಪಲ್ಲಿ ನಾಗೇಶ್ವರ ರಾವ್ ಪ್ರಕರಣದಲ್ಲಿ ಅಹವಾಲು ಕೇಳಿದವರು ಕಾರ್ಯದರ್ಶಿ, ತೀರ್ಮಾನಿಸಿದವರು ಮುಖ್ಯಮಂತ್ರಿ. ಒಬ್ಬರು ಕೇಳಿ ಇನ್ನೊಬ್ಬರು ನಿರ್ಧರಿಸುವುದು ಪೊಳ್ಳು ವಿಚಾರಣೆ ಎಂದು ಸುಪ್ರೀಂ ಕೋರ್ಟ್ ಐವತ್ತರ ದಶಕದಲ್ಲೇ ಹೇಳಿತ್ತು.

ದೂರು ಕೊಟ್ಟವರು ಒಳಗೆ ಕೂತಿದ್ದಾರೆಯೇ ಎಂಬುದೂ ಮುಖ್ಯ. ಇಂಗ್ಲೆಂಡಿನ ಬಾರ್ನ್ಸ್‌ಲಿ ಸಂತೆಯ ಹುಕ್ ಎಂಬ ವ್ಯಾಪಾರಿಯ ಕಥೆ ಕಾನೂನು ಓದಿದವರಿಗೆಲ್ಲ ಗೊತ್ತು. ಶೌಚಾಲಯ ಮುಚ್ಚಿದ ಹೊತ್ತಿನಲ್ಲಿ ಪಕ್ಕದ ಓಣಿಯಲ್ಲಿ ಮೂತ್ರ ಮಾಡಿದ, ನೋಡಿದ ನೌಕರನೊಂದಿಗೆ ವಾಗ್ವಾದವಾಯಿತು, ಸಂತೆಯ ಮ್ಯಾನೇಜರ್ ಅವನ ಲೈಸೆನ್ಸ್ ಕಿತ್ತುಕೊಂಡರು. ಮೇಲಿನ ಸಮಿತಿ ಅವನ ಅಹವಾಲು ಕೇಳುವಾಗ ಅದೇ ಮ್ಯಾನೇಜರ್ ಸಮಿತಿಯವರ ಜೊತೆಯಲ್ಲೇ ಇದ್ದರು. 1976ರಲ್ಲಿ ಲಾರ್ಡ್ ಡೆನ್ನಿಂಗ್ ಅವರಿದ್ದ ನ್ಯಾಯಾಲಯ ಆ ರದ್ದತಿಯನ್ನೇ ರದ್ದು ಮಾಡಿತು. ನಿಮ್ಮ ಮೇಲೆ ವರದಿ ಬರೆದ ಇಂಜಿನಿಯರೇ ನಿರ್ಧರಿಸುವ ಕುರ್ಚಿಯಲ್ಲಿದ್ದರೆ ಆ ಹೊತ್ತಿಗೇ ಆಕ್ಷೇಪಿಸಿ. ಆದೇಶ ವಿರುದ್ಧ ಬಂದ ಮೇಲೆ ಪಕ್ಷಪಾತದ ಮಾತು ಎತ್ತಿದರೆ ಕಿವಿಗೊಡುವವರು ಕಡಿಮೆ.

8. ಸಹಿ ಯಾರದ್ದು, ತಲೆ ಯಾರದ್ದು?

‘ಮೇಲಧಿಕಾರಿಗಳ ನಿರ್ದೇಶನದ ಮೇರೆಗೆ’ ಎಂದು ಆದೇಶ ಶುರುವಾದರೆ ಆ ಪುಟವನ್ನು ಜೋಪಾನ ಮಾಡಿ. ಅಂಧೇರಿಯಲ್ಲಿ ಸಿನಿಮಾ ಮಂದಿರ ಕಟ್ಟಲು ಗೋರ್ಧನ್‌ದಾಸ್ ಭಾನ್‌ಜಿ ಎಂಬವರಿಗೆ 1947ರಲ್ಲಿ ಮುಂಬಯಿ ಪೊಲೀಸ್ ಕಮಿಷನರ್ ಪರವಾನಗಿ ಕೊಟ್ಟಿದ್ದರು. ವಿರೋಧ ಎದ್ದಿತು. ಸರ್ಕಾರದ ನಿರ್ದೇಶನದಂತೆ ರದ್ದುಪಡಿಸಲಾಗಿದೆ ಎಂದು ಅದೇ ಕಮಿಷನರ್ ಪತ್ರ ಬರೆದರು. ನಿಯಮದ ಪ್ರಕಾರ ರದ್ದು ಮಾಡುವ ಅಧಿಕಾರ ಕಮಿಷನರದ್ದು, ಸರ್ಕಾರದ್ದಲ್ಲ; ಅವರು ಸ್ವತಃ ಯೋಚಿಸಿ ಮಾಡದ್ದು ಅವರ ಆದೇಶವೇ ಅಲ್ಲ ಎಂದರು ನ್ಯಾಯಮೂರ್ತಿ ವಿವಿಯನ್ ಬೋಸ್.

ಎಪ್ಪತ್ತು ವರ್ಷ ಕಳೆದರೂ ಈ ರೋಗ ಬಿಟ್ಟಿಲ್ಲ. ಕೋಲ್ಕತ್ತದ ಎರಡು ಅಂಡರ್‌ಪಾಸುಗಳ ನಿರ್ವಹಣೆಯ ಟೆಂಡರನ್ನು ಅಲ್ಲಿನ ಅಭಿವೃದ್ಧಿ ಪ್ರಾಧಿಕಾರ ತಾಂತ್ರಿಕ ದೋಷದ ಹೆಸರಿನಲ್ಲಿ ರದ್ದು ಮಾಡಿತ್ತು. ಕಡತ ತರಿಸಿ ನೋಡಿದರೆ ಮಂತ್ರಿಯ ಇಚ್ಛೆ ಹೊರಬಿತ್ತು. ಸುಬೋಧ್ ಕುಮಾರ್ ಸಿಂಗ್ ರಾಥೋರ್ ಪ್ರಕರಣವೆಂದು ಹೆಸರಾದ 2024ರ ಜುಲೈ ತಿಂಗಳ ತೀರ್ಪು ಆ ರದ್ದತಿಯನ್ನು ಅಳಿಸಿಹಾಕಿತು. ಟಿಪ್ಪಣಿ ಹಾಳೆಯ ಪ್ರತಿಗೆ ಅರ್ಜಿ ಹಾಕುವುದನ್ನು ಮರೆಯಬೇಡಿ. ಆದೇಶ ಹೇಳದ ಕಥೆಯನ್ನು ಅದು ಹೇಳುತ್ತದೆ.

9. ಆದೇಶದಲ್ಲಿ ಕಾರಣ ಹುಡುಕಿ

‘ತಮ್ಮ ಸಮಜಾಯಿಷಿಯು ಸಮಂಜಸವಾಗಿರುವುದಿಲ್ಲ’ ಎಂಬುದು ಕಾರಣವಲ್ಲ. ಏಕೆ ಸಮಂಜಸವಲ್ಲ? ಹಿಂಬರಹದಲ್ಲಿ ಅದಿಲ್ಲದಿದ್ದರೆ, ಆಮೇಲೆ ಕೋರ್ಟಿನಲ್ಲಿ ಸರ್ಕಾರಿ ವಕೀಲರು ಪ್ರಮಾಣಪತ್ರದ ಮೂಲಕ ಹೊಸ ಕಾರಣ ತುಂಬುವಂತಿಲ್ಲ. ಇದು 1977ರ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದ ಕಾಲದಿಂದ ಗಟ್ಟಿಯಾದ ನಿಯಮ.

10. ಎಷ್ಟು ವರ್ಷ ಎಂದು ಕೇಳಿ

ಶಾಶ್ವತ ಕಪ್ಪುಪಟ್ಟಿ ಎಂಬುದಕ್ಕೆ ಕೋರ್ಟುಗಳು ಒಪ್ಪುವುದು ಅಪರೂಪ. ಬಿಎಸ್ಎನ್ಎಲ್‌ನಿಂದ ಮೋಸದಿಂದ ಹೆಚ್ಚು ಹಣ ಪಡೆದ ಆರೋಪ ಹೊತ್ತ ಕುಲ್ಜಾ ಇಂಡಸ್ಟ್ರೀಸ್‌ಗೆ ಹಾಕಿದ್ದ ಶಾಶ್ವತ ನಿಷೇಧವನ್ನೇ 2013ರಲ್ಲಿ ಸುಪ್ರೀಂ ಕೋರ್ಟ್ ಅತಿಯಾಯಿತು ಎಂದು, ಅವಧಿಯನ್ನು ಮರಳಿ ನಿರ್ಧರಿಸಲು ಹೇಳಿತು. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ 151ನೇ ನಿಯಮದಲ್ಲೂ ಮಿತಿಯಿದೆ: ಭ್ರಷ್ಟಾಚಾರ ತಡೆ ಕಾಯ್ದೆಯಡಿ ಶಿಕ್ಷೆಯಾದವರಿಗೆ ಗರಿಷ್ಠ ಮೂರು ವರ್ಷ, ಖರೀದಿ ಮಾಡುವ ಸಂಸ್ಥೆ ತಾನಾಗಿ ಹಾಕುವ ನಿರ್ಬಂಧಕ್ಕೆ ಎರಡು ವರ್ಷ, ಎರಡಕ್ಕೂ ಮೊದಲು ಹೇಳಿಕೊಳ್ಳುವ ಅವಕಾಶ. ರಾಜ್ಯದ ಕಾಮಗಾರಿಗೆ ಅದು ನೇರವಾಗಿ ಅನ್ವಯಿಸದಿದ್ದರೂ ಪ್ರಮಾಣ ತೋರಿಸಲು ಉಪಯೋಗಕ್ಕೆ ಬರುತ್ತದೆ.

ಆದರೆ ಕನಿಕರವನ್ನು ನೆಚ್ಚಬೇಡಿ. ಭುವನೇಶ್ವರದಲ್ಲಿ 2017ರ ಸೆಪ್ಟೆಂಬರಿನಲ್ಲಿ ಕಟ್ಟುತ್ತಿದ್ದ ಮೇಲ್ಸೇತುವೆಯ ಭಾಗ ಕುಸಿದು ಒಬ್ಬರು ಸತ್ತರು, ಹಲವರು ಗಾಯಗೊಂಡರು. ಗುತ್ತಿಗೆದಾರ ಸಂಸ್ಥೆಯನ್ನು ಶಾಶ್ವತವಾಗಿ ಕಪ್ಪುಪಟ್ಟಿಗೆ ಹಾಕಿದ್ದನ್ನು ಹೈಕೋರ್ಟ್ ತೆಗೆದುಹಾಕಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್ ಮರಳಿ ಹಾಕಿತು. ಶಾಶ್ವತವನ್ನು ಐದು ವರ್ಷಕ್ಕೆ ಇಳಿಸಿತು, ಅಷ್ಟೇ. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಪು. ನ್ಯಾಯವಾದ ವಿಧಾನ ಬೇಕು ಅನ್ನುವುದು ಕಳಪೆ ಕೆಲಸಕ್ಕೆ ರಕ್ಷೆ ಕೊಡಲಿ ಎಂದಲ್ಲ.

11. ಕೋರ್ಟಿಗೆ ಹೋಗುವುದಾದರೆ ಬೇಗ ಹೋಗಿ, ಅರ್ಧ ಗೆಲುವಿಗೆ ಸಿದ್ಧರಾಗಿ

ಮೇಲ್ಮನವಿಗೆ ಅವಕಾಶವಿದೆಯೇ ಎಂದು ಮೊದಲು ನೋಡಿ, ಅದರ ಗಡುವು ತಪ್ಪಿಸಬೇಡಿ. ಸಹಜ ನ್ಯಾಯ ತುಳಿದಿದ್ದರೆ ಮೇಲ್ಮನವಿ ಇದ್ದರೂ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು ಎಂಬುದು 1998ರ ವರ್ಲ್‌ಪೂಲ್ ತೀರ್ಪಿನಿಂದ ಖಚಿತ. ಬೆಂಗಳೂರಿಗೇ ಓಡಬೇಕೆಂದಿಲ್ಲ, ಧಾರವಾಡ ಮತ್ತು ಕಲಬುರಗಿಯ ಪೀಠಗಳಿವೆ. ಟೆಂಡರ್ ಮುಚ್ಚುವ ದಿನ ಹತ್ತಿರವಿದ್ದರೆ ಮಧ್ಯಂತರ ತಡೆಯಾಜ್ಞೆಯ ಅರ್ಜಿಯಲ್ಲಿ ಆ ದಿನಾಂಕವನ್ನು ತಪ್ಪದೆ ಹೇಳಿ.

ವೆಟ್‌ಇಂಡಿಯಾ ಎಂಬ ಔಷಧ ಕಂಪನಿ ತನ್ನನ್ನು ಕಪ್ಪುಪಟ್ಟಿಗೆ ಹಾಕಿದ 2009ರ ಆದೇಶವನ್ನು ಹತ್ತು ವರ್ಷ ಬಿಟ್ಟು ಪ್ರಶ್ನಿಸಿ 2020ರಲ್ಲಿ ಗೆದ್ದಿತು, ನಿಜ. ಹೈಕೋರ್ಟಿನಲ್ಲಿ ಅದೇ ವಿಳಂಬಕ್ಕೆ ಸೋತು, ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದದ್ದು ಎಂಬುದನ್ನೂ ನೆನಪಿಡಿ.

‘ನನ್ನ ಮಾತು ಕೇಳಲಿಲ್ಲ’ ಎಂದಷ್ಟೇ ಹೇಳಿದರೂ ಈಗ ಸಾಲದು. ಕೇಳಿದ್ದರೆ ಏನು ಹೇಳುತ್ತಿದ್ದಿರಿ, ಅದರಿಂದ ಫಲಿತಾಂಶ ಹೇಗೆ ಬದಲಾಗಬಹುದಿತ್ತು ಎಂದು ತೋರಿಸಬೇಕು. ಉತ್ತರ ಪ್ರದೇಶ ಸರ್ಕಾರ ಮತ್ತು ಸುಧೀರ್ ಕುಮಾರ್ ಸಿಂಗ್ ನಡುವಿನ 2020ರ ಪ್ರಕರಣ ಈ ಮಾತನ್ನು ಬಿಡಿಸಿ ಹೇಳಿದೆ. ಮತ್ತೆ, ವಿಧಾನದ ತಪ್ಪಿಗಾಗಿ ಆದೇಶ ಬಿದ್ದರೆ ಬಹಳ ಸಲ ‘ಹೊಸ ನೋಟಿಸ್ ಕೊಟ್ಟು ಕಾನೂನಿನಂತೆ ಮುಂದುವರಿಯಿರಿ’ ಎಂಬ ಅನುಮತಿಯೂ ಜೊತೆಗೇ ಬರುತ್ತದೆ. ಪಟಾಕಿ ಹೊಡೆಯುವ ಮುಂಚೆ ಕೊನೆಯ ಪ್ಯಾರಾ ಓದಿ.

ಇದನ್ನು ಮೇಜಿನ ಆಚೆ ಬದಿಯಲ್ಲಿ ಕೂತ ಅಧಿಕಾರಿಗಳು ಓದುತ್ತಿದ್ದರೆ ಅವರಿಗೂ ಒಂದು ಮಾತು. ಸ್ಪಷ್ಟ ನೋಟಿಸಿಗೆ ಎರಡು ಪುಟ, ಕಾರಣಸಹಿತ ಆದೇಶಕ್ಕೆ ನಾಲ್ಕು ಪುಟ ಸಾಕು. ಹೆದ್ದಾರಿ ಪ್ರಾಧಿಕಾರದ ಕರಾರಿಗೆ ಬಿಡ್ ಗೆದ್ದು ಹಿಂದೆ ಸರಿದ ಪಟೇಲ್ ಇಂಜಿನಿಯರಿಂಗ್‌ಗೆ ನೋಟಿಸ್ ಕೊಟ್ಟು, ಉತ್ತರ ನೋಡಿ, ಒಂದು ವರ್ಷಕ್ಕೆ ಸೀಮಿತವಾಗಿ ಹಾಕಿದ ನಿರ್ಬಂಧ 2012ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಉಳಿಯಿತು.

12. ಮುಂದಿನ ಟೆಂಡರಿನಲ್ಲಿ ಮುಚ್ಚಿಡಬೇಡಿ

‘ಈ ಹಿಂದೆ ಯಾವುದಾದರೂ ಇಲಾಖೆ ಕಪ್ಪುಪಟ್ಟಿಗೆ ಸೇರಿಸಿದೆಯೇ?’ ಎಂಬ ಕಲಂ ಈಗ ಬಹುತೇಕ ಟೆಂಡರುಗಳಲ್ಲಿದೆ. ತಡೆಯಾಜ್ಞೆ ಸಿಕ್ಕಿದ್ದರೆ ‘ಆದೇಶ ಇತ್ತು, ಇಂಥ ದಿನ ಇಂಥ ರಿಟ್ ಅರ್ಜಿಯಲ್ಲಿ ತಡೆ ಸಿಕ್ಕಿದೆ’ ಎಂದು ಬರೆದು ಪ್ರತಿ ಲಗತ್ತಿಸಿ. ರದ್ದಾಗಿದ್ದರೆ ರದ್ದಾಗಿದೆ ಎಂದು ಬರೆಯಿರಿ. ‘ಇಲ್ಲ’ ಎಂದು ಬರೆದದ್ದು ಆಮೇಲೆ ಬಯಲಾದರೆ ಸುಳ್ಳು ಪ್ರಮಾಣಪತ್ರವೇ ಹೊಸ ನೋಟಿಸಿಗೆ ಕಾರಣವಾಗುತ್ತದೆ, ಠೇವಣಿಯೂ ಹೋಗುತ್ತದೆ, ಮತ್ತು ಆ ನೋಟಿಸಿಗೆ ಬರೆಯಲು ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.